11 ವರ್ಷದ ಮಗಳಿಗೆ ಟೇಬಲ್ ಟೆನ್ನಿಸ್ ಬ್ಯಾಟಿನ ಮರದ ಬ್ಲೇಡ್: ಐದು ಪ್ಲೈ (ಪದರ) ತಗೊಳ್ಳೋದೋ, ಏಳೋ, ಕಾರ್ಬನ್ನೋ?

ಡೊಂಬಿವಲಿ ಅವ್ವ

ನಮಸ್ಕಾರ ಎಲ್ಲಾರಿಗೂ. ನಾವು ಧಾರವಾಡದ ಕಡೆಯವ್ರು, ಡೊಂಬಿವಲಿ ಪೂರ್ವದಾಗ ಇರ್ತೀವಿ. ಮಗಳಿಗೆ ಈಗ 11 ವರ್ಷ. ಸಾಲಿ ಮುಗಿಸಿ ಸಂಜಿಮುಂದ ಟೇಬಲ್ ಟೆನ್ನಿಸ್ ಕೋಚಿಂಗಿಗೆ ಹೋಗ್ತಾಳ. ಬ್ಯಾಸಗಿ ಸೂಟ್ಯಾಗ ಹೊತ್ತು ಹೋಗ್ಲಿ ಅಂತ ಕಳಿಸಿದ್ವಿ, ಈಗ ಆಕಿಗೆ ಅದನ್ನ ಬಿಟ್ಟು ಬ್ಯಾರೆ ಲಕ್ಷ್ಯನ ಇಲ್ಲ. ಫೋರ್‌ಹ್ಯಾಂಡ್ ಚಲೋ ಅದ, ಚೆಂಡು ಮುಂದಕ್ಕ ತಿರುಗೋ ಹಂಗ ಟಾಪ್‌ಸ್ಪಿನ್ ಹೊಡಿಲಿಕ್ಕೆ ಹಿಡದಾಳ. ಬ್ಯಾಕ್‌ಹ್ಯಾಂಡ್ ಇನ್ನೂ ಬರೇ ತಡಿಯೋದು, ತಳ್ಳೋದು ಅಷ್ಟ.

ಇಲ್ಲೀತನಕ ರೆಡಿಮೇಡ್ ಬ್ಯಾಟಿನಾಗ ಆಡಿದ್ಲು. ಅದರ ರಬ್ಬರ್ ನುಣ್ಣಗ ಆಗೇದ, ಚೆಂಡು ಹಿಡಿಯೂದ ಇಲ್ಲ. ಕೋಚ್ ಸರ್ ಬ್ಲೇಡ್ (ಹಿಡಿ ಕೂಡಿದ ಮರದ ಹಲಗಿ) ಬ್ಯಾರೆ, ರಬ್ಬರ್ ಬ್ಯಾರೆ ತಗೊಂಡು ಅಂಟಿಸಿಕೊಳ್ರಿ ಅಂದ್ರು. ಯಾವ್ದು ತಗೋಬೇಕ್ರಿ ಅಂತ ಕೇಳಿದ್ರ "ಐದು ಪ್ಲೈ, ಪೂರಾ ಮರದ್ದು, ಆಲ್‌ರೌಂಡ್" ಅಂದು ಮುಂದಿನ ಟೇಬಲ್ ಕಡೆ ಹೊಂಟ್ರು. ಅವರ ಹತ್ರ ಅಷ್ಟು ಮಕ್ಕಳು, ನಿಂತು ಕೇಳಲಿಕ್ಕೆ ಆಗ್ಲಿಲ್ಲ.

ಶನಿವಾರ ಆಕಿನ್ನ ಕರ್ಕೊಂಡು ಧೋಬಿ ತಲಾವಿನ ಕಡೆ ಅಂಗಡಿಗಳಿಗೆ ಹೋಗಿದ್ವಿ. ಒಂದು ಅಂಗಡ್ಯಾಗ ಕಾರ್ಬನ್ ಬ್ಲೇಡ್ ಕೈಯಾಗ ಕೊಟ್ಟು, ಮುಂದ ಹೆಂಗೂ ಇದನ್ನ ತಗೋಬೇಕಾಗ್ತದ, ಈಗಲೇ ತಗೊಂಡುಬಿಡ್ರಿ ಅಂದ್ರು. ಪಕ್ಕದ ಅಂಗಡ್ಯಾಗ ಏಳು ಪ್ಲೈ ಚಲೋ ಅಂದ್ರು. ಡಬ್ಬಿ ಮ್ಯಾಲೆ ಆಲ್, ಆಫ್, ಆಫ್ ಮೈನಸ್, ಆಫ್ ಪ್ಲಸ್ ಅಂತ ಬರದಿರ್ತದ, ಅದರ ತಳ ಬುಡ ತಿಳೀಲಿಲ್ಲ. ಮಗಳು ಒಂದೊಂದ ಕೈಯಾಗ ಹಿಡಿದು ನೋಡಿ "ಇದು ಭಾರ ಅದ ಅವ್ವ" ಅಂತಿದ್ಲು, ಅಂಗಡಿಯವ್ರು ರೂಢಿ ಆಗ್ತದ ಅಂತಿದ್ರು. ಏನೂ ತಗೊಳ್ಳದ ವಾಪಸ್ ಬಂದ್ವಿ.

ಬ್ಲೇಡ್ ಮತ್ತ ಎರಡು ರಬ್ಬರ್ ಕೂಡಿ 7,000 ರೂಪಾಯಿ ಒಳಗ ಆಗಬೇಕು. ಐದು, ಏಳು, ಕಾರ್ಬನ್ ಇವುಗಳಾಗ ಖರೇ ಫರಕ್ ಏನು? ಇಷ್ಟು ಸಣ್ಣ ಕೂಸಿಗೆ ತೂಕ ಎಷ್ಟಿರಬೇಕು? ಹಿಡಿ ಯಾವ ಥರದ್ದು? ಆಡೂದು ಗೊತ್ತಿದ್ದವ್ರು ಬಿಡಿಸಿ ಹೇಳ್ರಿ.

ಕೊತ್ರೂಡ್ ಲೆಫ್ಟಿ

ಅಕ್ಕ ನಮಸ್ಕಾರ. ನಾನು ಮೈಸೂರಿನವನು, ಪುಣೆಯಲ್ಲಿ ಕೆಲಸ. ಹಿಂಜವಡಿಯಿಂದ ಬಂದವನೇ ನೇರ ಟೇಬಲ್‌ಗೆ ಹೋಗೋ ಜಾತಿ.

ನಿಮ್ಮ ಕೋಚ್ ಹೇಳಿದ್ದನ್ನ ತಳ್ಳಿಹಾಕ್ತಿಲ್ಲ, ಆದ್ರೆ ಇನ್ನೊಂದು ಕಡೆಯೂ ನೋಡಿ. ಆಟ ಈಗ ಬದಲಾಗಿದೆ. 2000ದಲ್ಲಿ ಚೆಂಡು 38ರಿಂದ 40 ಮಿಲಿಮೀಟರ್ ಆಯ್ತು. 2008ರಲ್ಲಿ ವೇಗ ಹೆಚ್ಚಿಸೋಕೆ ರಬ್ಬರ್‌ಗೆ ಹಚ್ಚೋ ಅಂಟು, ಸ್ಪೀಡ್ ಗ್ಲೂ, ನಿಂತುಹೋಯ್ತು. 2014ರಿಂದ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಪ್ರತಿ ಸಲವೂ ವೇಗ ಇಲ್ಲಾ ಸ್ಪಿನ್ ಒಂಚೂರು ಕಮ್ಮಿಯಾಗ್ತಾ ಬಂದಿದೆ. ಅದನ್ನ ಬ್ಯಾಟ್‌ನಿಂದ ತುಂಬಿಸ್ಕೋಬೇಕು ಅಂತಾನೇ ದೊಡ್ಡ ಆಟಗಾರರಲ್ಲಿ ಹೆಚ್ಚಿನವರು ಕಾರ್ಬನ್ ಸೇರಿದ ಬ್ಲೇಡ್ ಹಿಡೀತಾರೆ. ಬಟರ್‌ಫ್ಲೈ ಕಂಪನಿಯ ವಿಸ್ಕಾರಿಯಾ, ಟಿಮೊ ಬೋಲ್ ಎಎಲ್‌ಸಿ, ಎರಡರಲ್ಲೂ ಮೇಲಿನ ಮರದ ಪದರದ ಕೆಳಗೇ ಅರಿಲೇಟ್ ಕಾರ್ಬನ್ ಅನ್ನೋ ನಾರಿನ ಪದರ ಇರುತ್ತೆ.

11 ವರ್ಷಕ್ಕೆ ವಿಸ್ಕಾರಿಯಾ ಕೊಡಿಸಿ ಅಂತ ನಾನೂ ಹೇಳಲ್ಲ. ಆದ್ರೆ ಏಳು ಪ್ಲೈ ಪೂರ್ತಿ ಮರದ್ದು, ಸ್ಟೀಗಾ ಕ್ಲಿಪ್ಪರ್ ಥರದ್ದು, ಯಾಕಾಗಬಾರದು? ಮರದ ಫೀಲ್ ಇರುತ್ತೆ, ಎದುರಾಳಿ ಜೋರಾಗಿ ಹೊಡೆದಾಗ ಬ್ಲಾಕ್ ಮಾಡೋಕೆ ಬ್ಲೇಡ್ ಗಟ್ಟಿಯಾಗಿ ನಿಲ್ಲುತ್ತೆ. ಚೀನಾದ ಲಿಯು ಗುವೊಲಿಯಾಂಗ್ ಕ್ಲಿಪ್ಪರ್ ಹಿಡಿದೇ ಟೇಬಲ್ ಹತ್ತಿರ ನಿಂತು ಆಡಿ ಗೆದ್ದವರು. ಈಗ ತಗೊಂಡ್ರೆ ಹೈಸ್ಕೂಲ್ ಮುಗಿಯೋವರೆಗೂ ಬದಲಾಯಿಸೋ ಗೋಜಿಲ್ಲ. ದುಡ್ಡು ಉಳಿಯೋದೂ ಮುಖ್ಯ ಅಲ್ವಾ ಅಕ್ಕ.

ಮಾಟುಂಗಾ ಮಾಮ

ಅಮ್ಮ, ನಿಮ್ಮ ಮಗಳ ಕೋಚ್ ಓಡಾಟದ ನಡುವೆ ಹೇಳಿದ ಆ ನಾಲ್ಕು ಮಾತು ಪೂರ್ತಿ ಸರಿ. ಯಾಕೆ ಸರಿ ಅಂತ ನಾನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮದು ಉಡುಪಿ ಕಡೆ, ನಾನು ಬೆಳೆದದ್ದು ಮಾಟುಂಗಾದಲ್ಲಿ, ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್ನಿನ ಹತ್ತಿರ. ಬ್ಯಾಂಕಿನಲ್ಲಿದ್ದಾಗ ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದೆ. ನಿವೃತ್ತಿಯಾದ ಮೇಲೆ ಸುತ್ತಮುತ್ತಲಿನ ಮಕ್ಕಳ ಬ್ಯಾಟಿಗೆ ರಬ್ಬರ್ ಅಂಟಿಸಿಕೊಡುವುದು, ಸಿಬಿರು ಎದ್ದ ಬ್ಲೇಡನ್ನು ಸರಿಮಾಡುವುದು ನನ್ನ ಸಂಜೆಯ ಕೆಲಸ. ರಬ್ಬರ್ ತೆಗೆದ ಮೇಲೆ ಬ್ಲೇಡಿನ ಬರಿಮೈ ಹೇಗಿರುತ್ತದೆ ಅಂತ ಅಂಗಡಿಯವರಿಗಿಂತ ಹೆಚ್ಚು ನೋಡಿದ್ದೇನೆ ಅಂದರೆ ತಪ್ಪಿಲ್ಲ.

ಮೊದಲು ನಿಯಮ. ಬ್ಲೇಡ್ ಯಾವ ಅಳತೆ, ಯಾವ ಆಕಾರ, ಎಷ್ಟೇ ತೂಕದ್ದೂ ಇರಬಹುದು, ಆದರೆ ಚಪ್ಪಟೆಯಾಗಿರಬೇಕು, ಗಟ್ಟಿಯಾಗಿರಬೇಕು, ದಪ್ಪದಲ್ಲಿ ಕನಿಷ್ಠ 85 ಶೇಕಡಾ ಸಹಜ ಮರ ಇರಬೇಕು. ಅಂಟಿನ ಪದರದ ಜೊತೆ ಕಾರ್ಬನ್ನೋ ಗಾಜಿನ ನಾರೋ ಸೇರಿಸಬಹುದು. ಅಂಥ ಪದರ ಒಟ್ಟು ದಪ್ಪದ 7.5 ಶೇಕಡಾ ಅಥವಾ 0.35 ಮಿಲಿಮೀಟರ್, ಯಾವುದು ಕಡಿಮೆಯೋ ಅದನ್ನು ಮೀರುವ ಹಾಗಿಲ್ಲ. ಹಾಗಾಗಿ ಕಾರ್ಬನ್ ಬ್ಲೇಡ್ ಅಂತ ನಿಮ್ಮ ಕೈಗೆ ಕೊಟ್ಟದ್ದೂ ಮುಕ್ಕಾಲಿಗಿಂತ ಹೆಚ್ಚು ಮರವೇ. ಆದರೆ ಆ ತೆಳ್ಳನೆಯ ಪದರ ಬ್ಲೇಡಿನ ಗುಣವನ್ನೇ ತಿರುಗಿಸಿಬಿಡುತ್ತದೆ.

ಹೇಗೆ ಅಂದರೆ, ಚೆಂಡು ಬ್ಯಾಟಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ. ಅಷ್ಟರೊಳಗೆ ರಬ್ಬರ್ ಅದುಮುತ್ತದೆ, ಕೆಳಗಿನ ಮರ ಒಂದಿಷ್ಟು ಬಾಗಿ ವಾಪಸು ಬರುತ್ತದೆ. ಆ ನಡುಕ ಹಿಡಿಯ ಮೂಲಕ ಅಂಗೈಗೆ ಬರುತ್ತದೆ. ಚೆಂಡು ನಡುವಿಗೆ ತಾಗಿತೋ ಅಂಚಿಗೋ, ಉಜ್ಜಿಕೊಂಡು ಹೋಯಿತೋ ನೇರ ಬಡಿಯಿತೋ, ಇದೆಲ್ಲ ಮಗುವಿಗೆ ಗೊತ್ತಾಗುವುದು ಕಣ್ಣಿನಿಂದಲ್ಲ, ಆ ನಡುಕದಿಂದ. ಐದು ಪ್ಲೈ ಮರದ ಬ್ಲೇಡು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕಾರ್ಬನ್ ಬ್ಲೇಡು ಗಡಸು, ನಡುಕವನ್ನು ನುಂಗುತ್ತದೆ. ಅದರಲ್ಲಿ ಚೆನ್ನಾಗಿ ಹಾರುವ ಜಾಗ ವಿಶಾಲ ಇರುವ ಕಾರಣ ಅಂಚಿಗೆ ತಾಗಿದ ಚೆಂಡೂ ಹೋಗಿ ಟೇಬಲ್ ಮೇಲೇ ಬೀಳುತ್ತದೆ. ಪಳಗಿದ ಆಟಗಾರನಿಗೆ ಅದು ವರ. ಕಲಿಯುವ ಮಗುವಿಗೆ ಅದು ಮುಚ್ಚಿದ ಕುಕ್ಕರಿನಲ್ಲಿ ಅಡುಗೆ ಕಲಿಸಿದ ಹಾಗೆ. ಬೆಂದದ್ದು ಗೊತ್ತಾಗುತ್ತದೆ, ಹೇಗೆ ಬೆಂತು ಅಂತ ಗೊತ್ತಾಗುವುದಿಲ್ಲ.

ಪುಣೆಯ ತಮ್ಮ ಬರೆದ ಇಸವಿಗಳೆಲ್ಲ ಸರಿ, ಆದರೆ ಅದರಿಂದ ಅವರು ತಲುಪಿದ ಜಾಗ ಈ ಹುಡುಗಿಗೆ ಹೊಂದುವುದಿಲ್ಲ. ಚೆಂಡು ನಿಧಾನ ಆದದ್ದು ತೊಂದರೆ ಕೊಟ್ಟದ್ದು ಯಾರಿಗೆ? ಟೇಬಲಿನಿಂದ ಎರಡು ಮೂರು ಮೀಟರ್ ಹಿಂದೆ ನಿಂತು ಮೈಯ ಬಲ ಪೂರ್ತಿ ಹಾಕಿ ಲೂಪ್ (ಜೋರಾದ ಟಾಪ್‌ಸ್ಪಿನ್ ಹೊಡೆತ) ಮಾಡುವವರಿಗೆ. 11 ವರ್ಷದ ಮಗು ಆಡುವುದು ಟೇಬಲಿಗೆ ತಾಗಿ ನಿಂತು. ಆ ದೂರದಿಂದ ಆಚೆ ಬದಿಗೆ ಚೆಂಡು ಮುಟ್ಟಿಸಲಿಕ್ಕೆ ಯಾವ ಬ್ಲೇಡಾದರೂ ಸಾಕು. ಅವಳಿಗೆ ಬೇಕಾದದ್ದು ಪೂರ್ತಿ ಬೀಸಿ ಹೊಡೆದರೂ ಚೆಂಡು ಒಳಗೇ ಬೀಳುತ್ತದೆ ಅನ್ನುವ ಧೈರ್ಯ. ವೇಗದ ಬ್ಲೇಡು ಕೊಟ್ಟರೆ ಮಕ್ಕಳು ಚೆಂಡು ಹೊರಗೆ ಹೋಗುತ್ತದೆ ಅಂತ ಹೆದರಿ ಬೀಸುವುದನ್ನೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಮೊಣಕೈ ಮೈಗೆ ಅಂಟಿಕೊಳ್ಳುತ್ತದೆ, ಮಣಿಕಟ್ಟಿನಲ್ಲಿ ಕುಟ್ಟುವುದು ಶುರುವಾಗುತ್ತದೆ. ಹಾಗೆ ಕೂತ ಅಭ್ಯಾಸವನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ನಾನು ಕಂಡ ಮಕ್ಕಳಲ್ಲಿ ಆಟ ಬೆಳೆಯದೆ ನಿಂತದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮತ್ತೆ, ಬರೀ ಮರದಲ್ಲಿ ಆಡಿ ಯಾರೂ ಮೇಲೆ ಬರಲಿಲ್ಲ ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಸ್ವೀಡನ್ನಿನ ವಾಲ್ಡ್‌ನರ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, 1997ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಂದೇ ಒಂದು ಗೇಮ್ ಬಿಟ್ಟುಕೊಡದೆ ವಿಶ್ವ ಚಾಂಪಿಯನ್ ಆದವರು. ಮರದ ಬ್ಲೇಡಿನ ಆಟಗಾರ.

ಇನ್ನು ಮರದ ಮಾತು. ಐದು ಪ್ಲೈ ಅಂದರೆ ನಡುವೆ ದಪ್ಪದ ತಿರುಳು, ಅದರ ಎರಡೂ ಬದಿಗೆ ಒಂದೊಂದು ತೆಳು ಪದರ, ಅದರ ಮೇಲೆ ಹೊರಪದರ. ತಿರುಳು ಹೆಚ್ಚಾಗಿ ಅಯೂಸ್ ಅನ್ನುವ ಆಫ್ರಿಕಾದ ಮರ, ಹಗುರ, ನಸು ಹಳದಿ. ಹೊರಪದರ ಲಿಂಬಾ ಆದರೆ ಮೆತ್ತಗೆ, ಚೆಂಡನ್ನು ಒಂದು ಕ್ಷಣ ಹಿಡಿದು ಬಿಟ್ಟ ಅನುಭವ. ಕೊಟೊ ಆದರೆ ಗಟ್ಟಿ, ಚೆಂಡು ಬೇಗ ಚಿಮ್ಮುತ್ತದೆ. ಜಪಾನಿನ ಹಿನೋಕಿ ಬೇರೆಯೇ ಒಂದು ಲೋಕ. ಪೆನ್‌ಹೋಲ್ಡ್, ಅಂದರೆ ಬ್ಯಾಟನ್ನು ಪೆನ್ನಿನ ಹಾಗೆ ಹಿಡಿದು, ಆಡುವವರು ಒಂದೇ ಹಲಗೆಯ, ಸುಮಾರು 10 ಮಿಲಿಮೀಟರ್ ದಪ್ಪದ ಹಿನೋಕಿ ಬ್ಲೇಡ್ ಹಿಡಿಯುತ್ತಿದ್ದರು. ರಬ್ಬರ್ ಬದಲಾಯಿಸಲಿಕ್ಕೆ ಬಿಚ್ಚಿದರೆ ಅದರ ಪರಿಮಳ ಇಡೀ ಕೋಣೆಗೆ ಬರುತ್ತದೆ. ಅದು ನಿಮಗೆ ಬೇಡ, ಹಿನೋಕಿ ಅಂದ ಕೂಡಲೇ ಬರೆಯದೆ ಇರಲಿಕ್ಕೆ ಆಗಲಿಲ್ಲ.

ನಿಮ್ಮ ಮಗಳಿಗೆ ಲಿಂಬಾ ಹೊರಪದರದ ಐದು ಪ್ಲೈ, ದಪ್ಪ 5.5ರಿಂದ 6 ಮಿಲಿಮೀಟರ್ ಒಳಗೆ. ಏಳು ಪ್ಲೈ ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಗಡಸು, ತೂಕವೂ ಜಾಸ್ತಿ. ಕ್ಲಿಪ್ಪರ್ ಬಹಳ ಒಳ್ಳೆಯ ಬ್ಲೇಡು, ನನಗೂ ಪ್ರೀತಿ, ಆದರೆ ಈ ವಯಸ್ಸಿನ ಕೈಗೆ ಭಾರ. ಸ್ಟೀಗಾ ಆಲ್‌ರೌಂಡ್ ಕ್ಲಾಸಿಕ್, ಡೋನಿಕ್ ಆ್ಯಪಲ್‌ಗ್ರೆನ್ ಆಲ್‌ಪ್ಲೇ, ಇವೆರಡರಲ್ಲಿ ಯಾವುದು ಸಿಕ್ಕಿದರೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಸ್ವಲ್ಪ ಚುರುಕು ಬೇಕಾದರೆ ಸ್ಟೀಗಾ ಆಲ್‌ರೌಂಡ್ ಎವಲ್ಯೂಶನ್ ಅಥವಾ ಯಾಸಾಕಾ ಸ್ವೀಡನ್ ಎಕ್ಸ್‌ಟ್ರಾ. ಬಟರ್‌ಫ್ಲೈ ಕೋರ್ಬೆಲ್ ಮುಂದಿನ ಮೆಟ್ಟಿಲು, ಅವಳ ಲೂಪ್ ಕೂತ ಮೇಲೆ ನೋಡಿ.

ಡಬ್ಬಿಯ ಮೇಲಿನ ಆಲ್, ಆಫ್ ಅನ್ನುವುದು ಯಾವ ಒಕ್ಕೂಟವೂ ಅಳೆದು ಕೊಟ್ಟ ಗುರುತಲ್ಲ. ಆಲ್ ಅಂದರೆ ಎಲ್ಲ ಬಗೆಯ ಆಟಕ್ಕೆ, ಆಫ್ ಅಂದರೆ ದಾಳಿಯ ಆಟಕ್ಕೆ, ಮೈನಸ್ ಇದ್ದರೆ ಕೊಂಚ ನಿಧಾನ, ಪ್ಲಸ್ ಇದ್ದರೆ ಬಹಳ ವೇಗ. ಒಬ್ಬ ತಯಾರಕನ ಆಲ್ ಇನ್ನೊಬ್ಬನ ಆಫ್ ಮೈನಸ್ಸಿನಷ್ಟೇ ವೇಗ ಇರುವುದೂ ಉಂಟು. ಅದನ್ನು ದಿಕ್ಕಿಗೆ ಮಾತ್ರ ಇಟ್ಟುಕೊಳ್ಳಿ.

ಈಗ ತೂಕ. ನಿಮ್ಮ ಮಗಳು ಭಾರ ಅದ ಅಂದಳಲ್ಲ, ಅಷ್ಟೂ ಅಂಗಡಿ ತಿರುಗಿದ್ದರಲ್ಲಿ ಬಂದ ಅತ್ಯಂತ ಬೆಲೆಯುಳ್ಳ ಮಾತು ಅದು. ಅದನ್ನು ಕೇಳಿ. ಮರ ಅಂದ ಮೇಲೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಡಬ್ಬಿಯಲ್ಲಿ 85 ಗ್ರಾಂ ಅಂತ ಇದ್ದರೆ ಅದು ಸರಾಸರಿ. ಅದೇ ಮಾದರಿಯ ಒಂದು ತುಂಡು 80 ತೂಗಬಹುದು, ಪಕ್ಕದ ತುಂಡು 90. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಇರುವಷ್ಟನ್ನೂ ಇಳಿಸಿ ತೂಗಿ. ಸಂಕೋಚ ಬೇಡ, ಒಳ್ಳೆಯ ಅಂಗಡಿಯವರು ತಾವೇ ತೂಗಿ ಕೊಡುತ್ತಾರೆ. ಅವಳಿಗೆ 80ರಿಂದ 84 ಗ್ರಾಂ ಒಳಗಿನದ್ದು ಹುಡುಕಿ. ಕತ್ತರಿಸಿದ ಮೇಲೆ ಸಾಧಾರಣ ರಬ್ಬರ್ ಒಂದೊಂದು 45 ಗ್ರಾಂ ಹತ್ತಿರ ಬರುತ್ತದೆ. ಬ್ಯಾಟ್ ಪೂರ್ತಿ ಆದಾಗ 170ರ ಆಸುಪಾಸಿನಲ್ಲಿ ನಿಂತರೆ ಅವಳ ಭುಜ, ಮಣಿಕಟ್ಟು ಎರಡೂ ಕ್ಷೇಮ. ದೊಡ್ಡವರು 180, 190ರಲ್ಲಿ ಆಡುತ್ತಾರೆ, ಅದು ದೊಡ್ಡವರ ಲೆಕ್ಕ.

ತೂಗಿದ ಮೇಲೆ ಎರಡು ಬೆರಳಿನಲ್ಲಿ ಹಿಡಿಯ ಬುಡ ಹಿಡಿದು, ಬರಿ ಬ್ಲೇಡಿನ ನಡುವಿಗೆ ಚೆಂಡು ಕುಟ್ಟಿಸಿ ಕೇಳಿ. ತಗ್ಗಿನ, ತುಂಬಿದ ಸದ್ದು ಬಂದರೆ ಬ್ಲೇಡು ಬಾಗುವ ಜಾತಿ. ಮೇಲಿನ ಸ್ವರದಲ್ಲಿ ಟಣ್ ಅಂದರೆ ಗಡಸು, ವೇಗ. ಒಂದೇ ಮಾದರಿಯ ಎರಡು ತುಂಡುಗಳಲ್ಲೂ ಈ ವ್ಯತ್ಯಾಸ ಕೇಳಿಸುತ್ತದೆ. ಅವಳೇ ಕುಟ್ಟಿಸಲಿ, ಅವಳೇ ಕೇಳಲಿ. ಕೊನೆಗೆ ಸ್ಟೀಲಿನ ಅಡಿಪಟ್ಟಿಯನ್ನು ಮುಖದ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಬ್ಲೇಡು ಡೊಂಕಾಗಿದೆ, ಬಿಟ್ಟುಬಿಡಿ.

ಡೊಂಬಿವಲಿ ಅವ್ವ

ಮಾಮಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಗಳನ್ನ ಬಾಜೂಕ ಕೂಡಿಸಿಕೊಂಡು ಓದಿ ಹೇಳಿದೆ. ಬೀಸಾಟ ಅರ್ಧಕ್ಕ ನಿಲ್ಲಸ್ತಾರ ಅಂದ್ರಲ್ಲ, ಆಕಿ ಜೋಡಿ ಆಡೋ ಒಬ್ಬ ಹುಡುಗ ಹಂಗ ಮಾಡ್ತಾನಂತ, ಅವನ ಹತ್ರ ಕಾರ್ಬನ್ ಅದ ಅಂತ.

ಆಕಿದು ಇನ್ನೊಂದು ಹಟ ಅದ. ಪ್ಯಾರಿಸ್ ಒಲಿಂಪಿಕ್ಸಿನಾಗ ಸ್ವೀಡನ್ನಿನ ಹುಡುಗ ಆರು ಮೂಲಿ ಬ್ಯಾಟಿನಾಗ ಆಡಿದ್ದ, ನನಗ ಅದ ಬೇಕು ಅಂತಾಳ. ಅದು ಆಗ್ತದ? ಮತ್ತ ಹಿಡಿ ಬಗ್ಗೆ ಯಾರೂ ಹೇಳಲಿಲ್ಲ. ಆಕಿ ಕೈ ಭಾಳ ಸಣ್ಣದು. ಮಳಿಗಾಲದಾಗ ಲೋಕಲ್ ಗಾಡ್ಯಾಗ ತೊಯ್ಸಿಕೊಂಡು ಹೋಗಿ ಬರ್ತಾಳ, ಮರ ಹಾಳಾಗೂದಿಲ್ಲ?

ವಾಸ್ಕೊ ಚಾಪರ್

ಅಕ್ಕಾ, ಮಳೆಯ ವಿಷಯ ನಾನು ಹೇಳಬಹುದು. ಊರು ಅಂಕೋಲಾ, ಕೆಲಸ ವಾಸ್ಕೊದಲ್ಲಿ, ಸಮುದ್ರದ ಗಾಳಿಯಲ್ಲೇ ಆಡುವವರು ನಾವು. ಮರ ಗಾಳಿಯ ತೇವ ಕುಡಿಯುತ್ತದೆ. ಜುಲೈನಲ್ಲಿ ತೂಗಿದರೆ ನನ್ನ ಬ್ಯಾಟೇ ಜನವರಿಗಿಂತ ಒಂದೆರಡು ಗ್ರಾಂ ಹೆಚ್ಚು ಬರುತ್ತದೆ, ಸದ್ದೂ ಮಂಕು. ಅದಕ್ಕಿಂತ ತೊಂದರೆ ರಬ್ಬರಿಗೆ. ಮೇಲ್ಮೈ ಮೇಲೆ ತೇವ ಕೂತರೆ ಟಾಪ್‌ಸ್ಪಿನ್ ಹೊಡೆದ ಚೆಂಡು ಜಾರಿ ನೇರ ನೆಟ್ಟಿಗೆ. ಗಟ್ಟಿ ಮುಚ್ಚಳದ ಬ್ಯಾಟ್ ಕೇಸ್ ತೆಗೆದುಕೊಳ್ಳಿ. ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ, ಒಂದು ಒಣ ಹತ್ತಿ ಬಟ್ಟೆ. ಒದ್ದೆ ಟವೆಲ್ ಜೊತೆ ಬ್ಯಾಟನ್ನು ಒಂದೇ ಚೀಲದ ಖಾನೆಯಲ್ಲಿ ತುರುಕಲು ಬಿಡಬೇಡಿ. ಮನೆಗೆ ಬಂದ ಮೇಲೆ ಕೇಸ್ ತೆರೆದಿಡಿ, ಆದರೆ ಬಿಸಿಲಿಗೆ ಅಲ್ಲ, ಹೇರ್ ಡ್ರೈಯರ್ ಮುಂದೆಯೂ ಅಲ್ಲ. ಒಂದು ಬದಿ ಬೇಗ ಒಣಗಿದರೆ ಬ್ಲೇಡ್ ಸೊಟ್ಟಗಾಗುತ್ತದೆ.

ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ದಾಳಿ ದಾಳಿ ಅನ್ನುತ್ತಾರೆ. ನಿಮ್ಮ ಮಗಳು ಬ್ಯಾಕ್‌ಹ್ಯಾಂಡಲ್ಲಿ ತಡೆಯುತ್ತಾಳೆ, ತಳ್ಳುತ್ತಾಳೆ ಅಂದಿರಿ. ಅವಳಿಗೆ ಅದರಲ್ಲೇ ಖುಷಿ ಇದ್ದರೆ? ಎಲ್ಲ ಚೆಂಡನ್ನೂ ಹಿಂದಿರುಗಿಸಿ ಎದುರಾಳಿಯನ್ನು ದಣಿಸುವ ಆಟವೂ ಚೆಂದದ ಆಟವೇ. ಕೊರಿಯಾದ ಜೂ ಸೆ ಹ್ಯೂಕ್ 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಾಪ್ (ಚೆಂಡನ್ನು ಕೆಳಮುಖವಾಗಿ ಕೊಯ್ದು ಹಿಂದಿರುಗಿಸುವುದು) ಮಾಡುತ್ತಲೇ ಫೈನಲ್ ತಲುಪಿದರು. ಅಲ್ಲಿ ಆಸ್ಟ್ರಿಯಾದ ಶ್ಲಾಗರ್ ಎದುರು ಸೋತರು ಅನ್ನಿ. ಅವರ ಹೆಸರಿನ ಬ್ಲೇಡ್ ಐದು ಪ್ಲೈ ಮರದ್ದು, ಮುಖ ಸ್ವಲ್ಪ ಅಗಲ. ಈಗಲೇ ಅದನ್ನು ಕೊಳ್ಳಿ ಅನ್ನುತ್ತಿಲ್ಲ. ಐದು ಪ್ಲೈ ಆಲ್‌ರೌಂಡ್ ಕೈಯಲ್ಲಿದ್ದರೆ ಅವಳು ಎರಡು ಕಡೆಗೂ ಹೋಗಬಹುದು. ಕಾರ್ಬನ್ ಹಿಡಿದರೆ ಈ ಬಾಗಿಲು ಮುಚ್ಚಿತು.

ಕೊತ್ರೂಡ್ ಲೆಫ್ಟಿ

ಮಾಮ ಹೇಳಿದ ದೂರದ ಲೆಕ್ಕ ಒಪ್ಪತಕ್ಕದ್ದೇ. ಆದ್ರೂ ನನ್ನದೊಂದು ಮಾತು ನಿಲ್ಲುತ್ತೆ. ವಾರವಿಡೀ ಕೋಚಿಂಗ್ ಹೋಗೋ ಮಕ್ಕಳು ಬೇಗ ಬೆಳೀತಾರೆ. 13, 14ಕ್ಕೆ ಬಂದಾಗ ಆಲ್‌ರೌಂಡ್ ಕ್ಲಾಸಿಕ್‌ನಲ್ಲಿ ದೊಡ್ಡ ಹುಡುಗಿಯರ ಲೂಪ್‌ಗೆ ಎದುರು ಲೂಪ್ ಮಾಡೋದು ಕಷ್ಟವೇ. ಬದಲಾಯಿಸೋದು ಅನಿವಾರ್ಯ ಅಂತ ಈಗಲೇ ಮನಸ್ಸಲ್ಲಿ ಇಟ್ಕೊಳ್ಳಿ. ಹಾಗಿದ್ಮೇಲೆ ಈಗ ಬ್ಲೇಡ್‌ಗೆ ಜಾಸ್ತಿ ಸುರಿಯೋದೂ ಬೇಡ. ರಬ್ಬರ್ ಸವೆದಾಗ ಬದಲಾಯಿಸೋಕೆ ದುಡ್ಡು ತೆಗೆದಿಡಿ.

ಆರು ಮೂಲೆ ಬ್ಯಾಟ್ ಅಂದ್ರೆ ಸ್ಟೀಗಾ ಸೈಬರ್‌ಶೇಪ್, ಆಡಿದ್ದು ಟ್ರುಲ್ಸ್ ಮೊರೆಗೋರ್ಡ್, 2024ರಲ್ಲಿ ಬೆಳ್ಳಿ. ನಿಯಮದಲ್ಲಿ ಅಡ್ಡಿ ಇಲ್ಲ, ಆಕಾರ ಯಾವುದಾದ್ರೂ ನಡೆಯುತ್ತೆ. ಪೂರ್ತಿ ಮರದ್ದೂ ಬರುತ್ತೆ. ಆದ್ರೆ ನಿಮ್ಮ 7,000ದಲ್ಲಿ ಕೂರೋದು ಅನುಮಾನ. ಆನ್‌ಲೈನ್‌ನಲ್ಲಿ ಹೆಸರಾಂತ ಬ್ಲೇಡ್‌ಗಳ ನಕಲು ಬೇಕಾದಷ್ಟು ಓಡಾಡ್ತಿವೆ. ಅರ್ಧ ಬೆಲೆಗೆ ಸಿಕ್ತಿದೆ ಅಂದ್ರೆ ಹತ್ತಿರವೂ ಹೋಗಬೇಡಿ ಅಕ್ಕ.

ಮಾಟುಂಗಾ ಮಾಮ

ತಮ್ಮ ಹೇಳಿದ್ದು ಸರಿ, ಮುಂದೆ ಬದಲಾಯಿಸಬೇಕಾಗುತ್ತದೆ. ಅವಳ ಕೈಯೂ ಆಗ ಬೆಳೆದಿರುತ್ತದಲ್ಲ, ಹೇಗೂ ಹೊಸ ಹಿಡಿ ಬೇಕು. ಆರು ಮೂಲೆಯದ್ದನ್ನು ಆ ದಿನಕ್ಕೆ ಇಡಿ.

ಹಿಡಿ ಮೂರು ಬಗೆ. ಫ್ಲೇರ್ಡ್ ಅಂದರೆ ಬುಡದಲ್ಲಿ ಅಗಲ, ಕೈ ಬೆವರಿದರೂ ಜಾರುವುದಿಲ್ಲ. ಸ್ಟ್ರೇಟ್ ಅಂದರೆ ಮೇಲಿಂದ ಕೆಳಗೆ ಒಂದೇ ಅಗಲ, ಫೋರ್‌ಹ್ಯಾಂಡಿನಿಂದ ಬ್ಯಾಕ್‌ಹ್ಯಾಂಡಿಗೆ ಬೆರಳು ಸರಿಸಲಿಕ್ಕೆ ಸುಲಭ. ಅನಾಟಮಿಕ್ ನಡುವೆ ಉಬ್ಬು, ಅದು ದೊಡ್ಡ ಅಂಗೈಗೆ. ಸಣ್ಣ ಕೈಯವರಿಗೆ ಸಪೂರದ ಫ್ಲೇರ್ಡ್ ಒಳ್ಳೆಯದು. ಅವಳು ಹಿಡಿದಾಗ ಮೂರು ಬೆರಳು ಸುತ್ತಿ ಬಂದು ಅಂಗೈಯ ಗುಡ್ಡೆಗೆ ಹತ್ತಿರ ಬರಬೇಕು, ನಡುವೆ ದೊಡ್ಡ ಅಂತರ ಉಳಿದರೆ ಹಿಡಿ ದಪ್ಪ. ಹೆಬ್ಬೆರಳು, ತೋರುಬೆರಳು ಕೂರುವ ಕಡೆ ಮರದ ಅಂಚು ಚುಚ್ಚುತ್ತಿದ್ದರೆ 400 ನಂಬರಿನ ಪಾಲಿಶ್ ಪೇಪರಿನಲ್ಲಿ ಅಲ್ಲಿ ಮಾತ್ರ ತುಸು ಉಜ್ಜಿ. ಮುಂಬಯಿಯ ಎಷ್ಟೋ ಮಕ್ಕಳ ತೋರುಬೆರಳಿನಲ್ಲಿ ಜಡ್ಡು ನೋಡಿದ್ದೇನೆ, ಕಾರಣ ಬರೀ ಆ ಅಂಚು.

ರಬ್ಬರ್ ಎರಡೂ ಬದಿಗೆ ಒಂದೇ ಜಾತಿಯದು ಹಾಕಿ, ರಬ್ಬರಿನ ಕೆಳಗಿನ ಸ್ಪಾಂಜ್ 1.8 ಮಿಲಿಮೀಟರ್. ಯಾಸಾಕಾ ಮಾರ್ಕ್ ಫೈವ್ 1969ರಿಂದ ಬರುತ್ತಿದೆ, ಕಲಿಯುವವರಿಗೆ ಇವತ್ತಿಗೂ ಒಳ್ಳೆಯದು. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದಕ್ಕೆ ಕೆಂಪು ಬಿಟ್ಟು ನೀಲಿ, ಹಸಿರು, ಗುಲಾಬಿ, ನೇರಳೆಯೂ ಈಗ ನಡೆಯುತ್ತದೆ. ಆರು ಮೂಲೆಯ ಬದಲಿಗೆ ಆ ಬಣ್ಣದ ಆಯ್ಕೆ ಅವಳಿಗೆ ಬಿಡಿ, ಆದರೆ ಒಳ್ಳೆಯ ರಬ್ಬರಿನಲ್ಲಿ ಆ ಬಣ್ಣ ಸಿಗುತ್ತದೋ ನೋಡಿಕೊಳ್ಳಿ.

ಅಂಟಿಸುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಲಿಂಬಾ ಮೆತ್ತನೆಯ ಮರ, ಸವೆದ ರಬ್ಬರ್ ಕೀಳುವಾಗ ಅದರ ನಾರೂ ಕಿತ್ತು ಬರುತ್ತದೆ. ನೀರಿನ ಬೇಸಿನ ಪಾರದರ್ಶಕ ವಾರ್ನಿಷ್ ತಂದು, ಹತ್ತಿ ಬಟ್ಟೆಯಲ್ಲಿ ಎರಡೂ ಮುಖಕ್ಕೆ ಮರದ ನಾರಿನ ಗುಂಟ ಒಂದೇ ಒಂದು ತೆಳು ಕೈ ಹಚ್ಚಿ, ರಾತ್ರಿಯಿಡೀ ಒಣಗಲು ಬಿಡಿ. ದಪ್ಪಗೆ ಹಚ್ಚಿದರೆ ಬ್ಲೇಡು ಗಡಸಾಗುತ್ತದೆ, ನಾವು ಇಷ್ಟು ಹುಡುಕಿ ತಂದದ್ದು ವ್ಯರ್ಥ. ಈ ಒಂದು ಕೈ ಮಳೆಗಾಲದ ತೇವವನ್ನೂ ಸಾಕಷ್ಟು ತಡೆಯುತ್ತದೆ.

ಅಂಟು ಟೇಬಲ್ ಟೆನ್ನಿಸ್ಸಿಗೆಂದೇ ಬರುವ ನೀರಿನ ಅಂಟೇ ಆಗಬೇಕು. ಸೈಕಲ್ ಪಂಕ್ಚರಿನ ಸೊಲ್ಯೂಶನ್ ಹಚ್ಚುವ ಕಾಲ ಹೋಯಿತು, ಅದರ ಆವಿ ಮಗುವಿಗೆ ಕೆಟ್ಟದ್ದು, ಪಂದ್ಯದ ನಿಯಮಕ್ಕೂ ವಿರುದ್ಧ. ಸ್ಪಾಂಜಿಗೆ ಒಂದು ಕೈ, ಬ್ಲೇಡಿಗೆ ಒಂದು ಕೈ. ಬಿಳಿ ಅಂಟು ಪೂರ್ತಿ ಪಾರದರ್ಶಕ ಆಗುವವರೆಗೆ ಕಾಯಿರಿ. ಮಳೆಗಾಲದಲ್ಲಿ ಇದಕ್ಕೆ ಬಹಳ ಹೊತ್ತು ಬೇಕು, ಅವಸರ ಮಾಡಿದರೆ ಒಳಗೆ ಗುಳ್ಳೆ ಉಳಿಯುತ್ತದೆ. ಹಿಡಿಯ ಕಡೆಯಿಂದ ಶುರುಮಾಡಿ, ರಬ್ಬರನ್ನು ಎಳೆಯದೆ, ಲಟ್ಟಣಿಗೆ ಉರುಳಿಸುತ್ತಾ ಕೂರಿಸಿ. ಎಳೆದು ಅಂಟಿಸಿದರೆ ಆಮೇಲೆ ಕುಗ್ಗಿ ಅಂಚಿನಲ್ಲಿ ಮರ ಕಾಣುತ್ತದೆ. ಮೇಲೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಒಂದು ಗಂಟೆಯ ನಂತರ ಹೊಸ ಅಲಗು ಹಾಕಿದ ಕಟ್ಟರಿನಲ್ಲಿ ಅಂಚು ಕತ್ತರಿಸಿ. ಕೊನೆಗೆ ಸುತ್ತ ಅಂಚಿನ ಟೇಪ್.

ಡೊಂಬಿವಲಿ ಅವ್ವ

ನೇರಳೆ ಬಣ್ಣ ಅಂತ ಕೇಳಿದ್ದ ತಡ, ಆರು ಮೂಲಿ ಮರ್ತಾಳ ಮಾಮಾ. ತಕ್ಕಡಿ ಚೀಲದಾಗ ಹಾಕೀನಿ. ಮುಂದಿನ ವಾರದ ಕೊನಿಗೆ ಆಕಿದೊಂದು ಪಂದ್ಯ ಅದ, ಹೊಸ ಬ್ಯಾಟಿನಾಗ ಆಡಿಸಬಹುದ?

ಮಾಟುಂಗಾ ಮಾಮ

ಬೇಡಮ್ಮ. ಆ ಪಂದ್ಯ ಹಳೆಯದರಲ್ಲೇ ಆಡಲಿ. ನುಣ್ಣಗಾದ ರಬ್ಬರಿನಿಂದ ಹೊಸ ರಬ್ಬರಿಗೆ ಬಂದಾಗ ಮೊದಲು ಕೆಡುವುದು ಸರ್ವಿಸ್ ರಿಸೀವ್. ಎದುರಿನವರ ಸ್ಪಿನ್ ಪೂರ್ತಿ ಹಿಡಿಯುತ್ತದೆ, ಚೆಂಡು ಎತ್ತರಕ್ಕೆ ಏಳುತ್ತದೆ, ಬದಿಗೆ ಹೋಗುತ್ತದೆ. ಪಂದ್ಯದಲ್ಲಿ ಹಾಗಾದರೆ ಅವಳು ಬ್ಯಾಟನ್ನು ಅನುಮಾನಿಸುತ್ತಾಳೆ. ಪಂದ್ಯ ಮುಗಿದ ಮಾರನೆಯ ದಿನ ಹೊಸದನ್ನು ಕೈಗೆ ಕೊಡಿ. ಮೊದಲ ವಾರ ಬರೀ ಪುಶ್, ರಿಸೀವ್, ನಿಧಾನದ ಟಾಪ್‌ಸ್ಪಿನ್, ಪಾಯಿಂಟ್ ಲೆಕ್ಕ ಇಲ್ಲದೆ. ಕೋಚ್‌ಗೂ ಮುಂಚೆಯೇ ಹೇಳಿಡಿ, ಅವರು ಅದಕ್ಕೆ ತಕ್ಕ ಹಾಗೆ ಚೆಂಡು ಹಾಕಿಕೊಡುತ್ತಾರೆ.